ಜೋಲ್ತಾನ್ ಕೊಡಾಯ್

ಜೋಲ್ತಾನ್ ಕೊಡಾಯ್ (16 ಡಿಸೆಂಬರ್ 1882 – 6 ಮಾರ್ಚ್ 1967) ಹಂಗೇರಿ ದೇಶದ ಸಂಗೀತ ರಚನಕಾರರು, ಜಾನಪದ ಸಂಗೀತದ ವಿದ್ವಾಂಸರು ಮತ್ತು ಶಿಕ್ಷಣತಜ್ಞರು. ಬೇಲಾ ಬಾರ್ತೋಕ್ ಅವರ ಜೊತೆಗಾರರಾಗಿ ಹಂಗೇರಿಯ ರೈತಾಪಿ ಜನರ ಹಾಡುಗಳನ್ನು ಸಂಗ್ರಹಿಸಿದ ಇವರು, ಮುಂದೆ ಆ ಹಾಡುಗಳನ್ನೂ ಮಕ್ಕಳ ಆಟದ ಪದಗಳನ್ನೂ ಹಬ್ಬದ ಆಚರಣೆಗಳ ಗೀತೆಗಳನ್ನೂ ಶಾಲೆಗಳಿಗೆ ತಂದರು. ಸಂಗೀತ ಶಿಕ್ಷಣದಲ್ಲಿ ಕೊಡಾಯ್ ಪದ್ಧತಿ ಎಂದು ಪ್ರಸಿದ್ಧವಾಗಿರುವ ಕ್ರಮವು ಇವರ ಚಿಂತನೆಯಿಂದ ಬೆಳೆದುದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕೊಡಾಯ್ ಅವರು ಜನಿಸಿದ್ದು ಕೆಚ್ಕೆಮೇಟ್ ಪಟ್ಟಣದಲ್ಲಿ. ತಂದೆ ರೈಲ್ವೆ ಇಲಾಖೆಯಲ್ಲಿ ನೌಕರರಾಗಿದ್ದುದರಿಂದ ಕುಟುಂಬವು ಊರಿಂದೂರಿಗೆ ವರ್ಗವಾಗುತ್ತಿತ್ತು. 1885ರಿಂದ 1892ರವರೆಗೆ ಅವರು ಗಲಾಂತ ಎಂಬ ಸಣ್ಣ ಊರಿನಲ್ಲಿ ಬೆಳೆದರು. ಮನೆಯಲ್ಲಿ ತಂದೆ ಪಿಟೀಲು, ತಾಯಿ ಪಿಯಾನೊ ನುಡಿಸುತ್ತಿದ್ದರು. ಹೊರಗೆ ಬರಿಗಾಲಿನ ಸಹಪಾಠಿಗಳು ಹಳ್ಳಿಯ ಹಾಡುಗಳನ್ನು ಹಾಡುತ್ತಿದ್ದರು. ಈ ಎರಡು ಲೋಕಗಳಲ್ಲಿ ಎರಡನೆಯದೇ ಅವರ ಬದುಕಿನ ದಿಕ್ಕನ್ನು ನಿರ್ಧರಿಸಿತೆನ್ನಬಹುದು. ಮಕ್ಕಳಿಗಾಗಿ ಬರೆದ ಎರಡು ದನಿಗಳ ಗೀತೆಗಳ ಸಂಕಲನ ‘ಬಿಚಿನಿಯಾ ಹುಂಗಾರಿಕ’ವನ್ನು 1937ರಲ್ಲಿ ಪ್ರಕಟಿಸಲಾರಂಭಿಸಿದಾಗ ಅವರು ನೆನೆದದ್ದು ಆ ಬರಿಗಾಲಿನ ಗೆಳೆಯರನ್ನೇ.

1900ರಲ್ಲಿ ಬುಡಾಪೆಸ್ಟ್‌ಗೆ ಬಂದು ವಿಶ್ವವಿದ್ಯಾಲಯದಲ್ಲಿ ಹಂಗೇರಿಯನ್ ಮತ್ತು ಜರ್ಮನ್ ಭಾಷೆಗಳನ್ನೂ ಸಂಗೀತ ಅಕಾಡೆಮಿಯಲ್ಲಿ ರಚನಾಶಾಸ್ತ್ರವನ್ನೂ ಅಭ್ಯಸಿಸಿದರು. 1906ರಲ್ಲಿ ಹಂಗೇರಿಯ ಜನಪದ ಗೀತೆಗಳ ಚರಣ ರಚನೆಯನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪದವಿ ಲಭಿಸಿತು.

ಜನಪದ ಗೀತೆಗಳ ಸಂಗ್ರಹ

ಆ ಕಾಲದ ಹಂಗೇರಿಯ ನಗರವಾಸಿಗಳು ತಮ್ಮ ದೇಶದ ಸಂಗೀತವೆಂದು ತಿಳಿದಿದ್ದುದು ಹೋಟೆಲುಗಳಲ್ಲಿ ರೋಮಾ ವಾದ್ಯವೃಂದಗಳು ನುಡಿಸುತ್ತಿದ್ದ ಜನಪ್ರಿಯ ಗೀತೆಗಳನ್ನು. ರಾಜಧಾನಿಯ ಸಂಗೀತ ಶಿಕ್ಷಣವಂತೂ ಜರ್ಮನ್ ಮಾದರಿಯದು. ಹಳ್ಳಿಗಳಲ್ಲಿ ಇವೆರಡಕ್ಕಿಂತ ಭಿನ್ನವಾದ, ಹೆಚ್ಚು ಹಳೆಯದಾದ ಹಾಡಿನ ಪರಂಪರೆ ಜೀವಂತವಾಗಿದೆಯೆಂಬುದು ಕೆಲವೇ ವಿದ್ವಾಂಸರಿಗೆ ಗೊತ್ತಿತ್ತು. ಕೊಡಾಯ್ ಅವರು 1905ರಲ್ಲಿ ಗಲಾಂತದ ಸುತ್ತಲಿನ ಹಳ್ಳಿಗಳಲ್ಲಿ ತಮ್ಮ ಮೊದಲ ಸಂಗ್ರಹಯಾತ್ರೆಯನ್ನು ಕೈಗೊಂಡರು. ಮುಂದಿನ ವರ್ಷ ಬಾರ್ತೋಕ್ ಅವರೊಡನೆ ಇಪ್ಪತ್ತು ಜನಪದ ಗೀತೆಗಳನ್ನು ಪಿಯಾನೊ ಸಹವಾದನದೊಡನೆ ಪ್ರಕಟಿಸಿದರು. ಮೊದಲ ಹತ್ತು ಬಾರ್ತೋಕ್ ಅವರವು, ಉಳಿದ ಹತ್ತು ಕೊಡಾಯ್ ಅವರವು. ಪುಸ್ತಕವನ್ನು ಕೊಳ್ಳುವವರು ಹೆಚ್ಚಿರಲಿಲ್ಲ.

ಪ್ರಾಚೀನ ಹಾಡುಗಳಲ್ಲಿ ಬಹಳಷ್ಟು ಐದು ಸ್ವರಗಳವು ಎಂಬುದು ಈ ಸಂಶೋಧನೆಯ ಮುಖ್ಯ ಫಲಿತಾಂಶ. ಆ ಸ್ವರಶ್ರೇಣಿಯು ನಮ್ಮ ಶುದ್ಧ ಧನ್ಯಾಸಿ ರಾಗದ ಸ್ವರಗಳಿಗೆ ಸಮನಾದುದು. ವೋಲ್ಗಾ ನದಿಯ ಬಳಿಯ ಮಾರಿ ಜನರ ಹಾಡುಗಳಲ್ಲಿಯೂ ಇಂತಹ ಧಾಟಿಗಳಿರುವುದನ್ನು ಕೊಡಾಯ್ ಅವರು ತೋರಿಸಿದರು. 1920ರ ಟ್ರಿಯಾನನ್ ಒಪ್ಪಂದದ ನಂತರ ಗಲಾಂತವೂ ಸೇರಿದಂತೆ ಅವರು ಹಾಡು ಸಂಗ್ರಹಿಸಿದ್ದ ಅನೇಕ ಊರುಗಳು ನೆರೆಯ ರಾಷ್ಟ್ರಗಳಿಗೆ ಸೇರಿಹೋದವು. ಅದಕ್ಕೂ ಮುಂಚೆ, 1919ರ ಅಲ್ಪಾಯುಷಿ ಸೋವಿಯತ್ ಗಣರಾಜ್ಯದ ಅವಧಿಯಲ್ಲಿ ಅಕಾಡೆಮಿಯ ಉಪನಿರ್ದೇಶಕರಾಗಿದ್ದ ಕಾರಣಕ್ಕೆ ಅವರು ವಿಚಾರಣೆಯನ್ನು ಎದುರಿಸಬೇಕಾಯಿತು. ಸುಮಾರು ಎರಡು ವರ್ಷ ಬೋಧನೆಯಿಂದ ದೂರವಿರಬೇಕಾಯಿತು. 1923ರ ‘ಪ್ಸಾಲ್ಮುಸ್ ಹುಂಗಾರಿಕುಸ್’ ಎಂಬ ಕೃತಿ ಅವರಿಗೆ ಅಂತರರಾಷ್ಟ್ರೀಯ ಖ್ಯಾತಿಯನ್ನು ತಂದಿತು.

ಮಕ್ಕಳ ಕಡೆಗೆ

ಹೆಸರಾಂತ ರಚನಕಾರರೊಬ್ಬರು ನಲವತ್ತು ದಾಟಿದ ಮೇಲೆ ಶಾಲಾ ಮಕ್ಕಳ ಹಾಡಿನತ್ತ ತಿರುಗಿದ್ದು ಅಪರೂಪದ ಸಂಗತಿ. 1925ರ ಸುಮಾರಿಗೆ ಶಾಲೆಯಲ್ಲಿ ಕಲಿತ ಹಾಡುಗಳನ್ನು ಮಕ್ಕಳು ಹಾಡುತ್ತಿದ್ದುದು ಅವರ ಕಿವಿಗೆ ಬಿತ್ತು. ಹಾಡುಗಳ ಗುಣಮಟ್ಟವೂ ಹಾಡಿದ ರೀತಿಯೂ ಅವರಿಗೆ ನೋವುಂಟುಮಾಡಿದವು. ಅದೇ ವರ್ಷ ಅವರು ಮಕ್ಕಳ ವೃಂದಕ್ಕಾಗಿ ‘ವಿಲ್ಲೋ’ ಮುಂತಾದ ಗೀತೆಗಳನ್ನು ರಚಿಸಿದರು. ವಿಲ್ಲೋ ಎಂಬುದು ವಸಂತಾಗಮನದಲ್ಲಿ ಹುಡುಗಿಯರು ಹಸಿರು ಕೊಂಬೆಯನ್ನು ಹಿಡಿದು ಹಾಡುವ ಪದ್ಧತಿ. 1926ರ ‘ಗೆರ್ಗೆಯ್ ಯಾರಾಶ್’ ಕೃತಿಗೆ ಆಧಾರವಾದುದು ಸಂತ ಗ್ರೆಗರಿಯ ದಿನದಂದು ಶಾಲಾ ಹುಡುಗರು ಮನೆಮನೆಗೆ ಹೋಗಿ ಹಾಡಿ, ಕಾಣಿಕೆ ಪಡೆದು, ಹೊಸ ವಿದ್ಯಾರ್ಥಿಗಳನ್ನು ಶಾಲೆಗೆ ಕರೆಯುತ್ತಿದ್ದ ಸಂಪ್ರದಾಯ. ನಗರದ ಮಕ್ಕಳು ಕಂಡರಿಯದ ಆಚರಣೆಗಳು ಹೀಗೆ ಅವರ ಬಾಯಿಗೇ ಬಂದವು. ಹಳ್ಳಿಯ ಒರಟು ಪದಗಳು ತರಗತಿಗೆ ತಕ್ಕವಲ್ಲ ಎಂಬ ಆಕ್ಷೇಪವೂ ಕೇಳಿಬಂದಿತು.

ಮಗುವು ಮಾತೃಭಾಷೆಯನ್ನು ಕಲಿಯುವಂತೆಯೇ ಮೊದಲು ತನ್ನ ಜನರ ಹಾಡನ್ನು ಕಲಿಯಬೇಕು, ವಾದ್ಯಕ್ಕಿಂತ ಮುಂಚೆ ಕಂಠವೇ ಮಗುವಿನ ಸಾಧನವಾಗಬೇಕು ಎಂಬುದು ಅವರ ನಿಲುವಾಗಿತ್ತು. 1929ರಲ್ಲಿ ಮಕ್ಕಳ ವೃಂದಗಾನವನ್ನೂ 1941ರಲ್ಲಿ ಶಿಶುವಿಹಾರದ ಸಂಗೀತವನ್ನೂ ಕುರಿತು ಲೇಖನಗಳನ್ನು ಪ್ರಕಟಿಸಿದರು. 1942ರಲ್ಲಿ ಅಕಾಡೆಮಿಯಿಂದ ನಿವೃತ್ತರಾದ ಬಳಿಕ ಪಠ್ಯಪುಸ್ತಕಗಳ ಕೆಲಸ ಹೆಚ್ಚಿತು. ಶಿಷ್ಯರಾದ ಗ್ಯೋರ್ಗಿ ಕೆರೇನಿ ಮತ್ತು ಯೆನೊ ಆದಾಮ್ ಈ ಕಾರ್ಯದಲ್ಲಿ ನೆರವಾದರು.

ಪದ್ಧತಿಯ ಸಾಧನಗಳು

ಕೊಡಾಯ್ ಪದ್ಧತಿಯ ಉಪಕರಣಗಳಲ್ಲಿ ಹೆಚ್ಚಿನವು ಅವರೇ ಕಂಡುಹಿಡಿದವಲ್ಲ. ಸ್ವರಗಳನ್ನು ಸೂಚಿಸುವ ಕೈಸನ್ನೆಗಳು ಇಂಗ್ಲೆಂಡಿನ ಜಾನ್ ಕರ್ವೆನ್ ಅವರಿಂದಲೂ, ಲಯದ ಪಾಠಾಕ್ಷರಗಳು ಫ್ರಾನ್ಸಿನ ಎಮಿಲ್ ಶೆವೇ ಅವರಿಂದಲೂ ಬಂದವು. ‘ದೊ’ ಸ್ವರವು ಯಾವ ಶ್ರುತಿಯಲ್ಲಾದರೂ ನಿಲ್ಲಬಲ್ಲದು. ಕರ್ನಾಟಕ ಸಂಗೀತದ ಷಡ್ಜವನ್ನು ಬಲ್ಲವರಿಗೆ ಇದು ಹೊಸದೆನಿಸದು. ಇವೆಲ್ಲವನ್ನೂ ಹಂಗೇರಿಯ ಆಟದ ಪದಗಳಿಗೆ ಹೊಂದಿಸಿ ಪಾಠಕ್ರಮವಾಗಿಸಿದ್ದು ಕೊಡಾಯ್ ಮತ್ತು ಅವರ ಶಿಷ್ಯರ ಸಾಧನೆ. ಮಕ್ಕಳ ಕರೆಗಳಲ್ಲಿ ಸಹಜವಾಗಿ ಕೇಳಿಬರುವ ‘ಸೊ–ಮಿ’ ಎಂಬ ಎರಡು ಸ್ವರಗಳಿಂದ ಪಾಠ ಆರಂಭವಾಗಿ, ಕ್ರಮೇಣ ಐದು ಸ್ವರಗಳಿಗೆ ವಿಸ್ತರಿಸುತ್ತದೆ.

ಇತರ ದೇಶಗಳ ಮಕ್ಕಳು ತಂತಮ್ಮ ಜನಪದ ಗೀತೆಗಳಿಂದಲೇ ಕಲಿಕೆಯನ್ನು ಆರಂಭಿಸಬೇಕೆಂಬುದು ಈ ಚಿಂತನೆಯ ತಿರುಳು. ಹಂಗೇರಿಯ ಹಾಡುಗಳನ್ನೇ ಅನುವಾದಿಸಿ ಬೇರೆಡೆ ಕಲಿಸುವುದು ಆ ತತ್ತ್ವಕ್ಕೆ ಅಷ್ಟಾಗಿ ಒಪ್ಪುವುದಿಲ್ಲ.

ನಂತರದ ವರ್ಷಗಳು

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಕೊಡಾಯ್ ಅವರು ಯಹೂದಿ ಮೂಲದ ಪತ್ನಿ ಎಮ್ಮಾ ಅವರೊಡನೆ ಒಂದು ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿಯೂ ಬಳಿಕ ಬುಡಾಪೆಸ್ಟಿನ ಒಪೆರಾ ಭವನದ ನೆಲಮಾಳಿಗೆಯಲ್ಲಿಯೂ ಆಶ್ರಯ ಪಡೆದಿದ್ದರು. 1946ರಿಂದ 1949ರವರೆಗೆ ಹಂಗೇರಿಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಪ್ರತಿದಿನವೂ ಸಂಗೀತದ ತರಗತಿಯಿರುವ ಮೊದಲ ಪ್ರಾಥಮಿಕ ಶಾಲೆಯು ಮಾರ್ತಾ ನೆಮೆಸ್ಸೆಗಿ ಅವರ ನೇತೃತ್ವದಲ್ಲಿ 1950ರಲ್ಲಿ ಕೆಚ್ಕೆಮೇಟ್‌ನಲ್ಲಿ ಪ್ರಾರಂಭವಾಯಿತು. ಅದು ಕೊಡಾಯ್ ಅವರ ಜನ್ಮಸ್ಥಳವೂ ಹೌದು. ಬಾರ್ತೋಕ್ ಅವರೊಡನೆ ಬಹುಕಾಲದಿಂದ ಯೋಜಿಸಿದ್ದ ಜನಪದ ಸಂಗೀತದ ಮಹಾಸಂಗ್ರಹದ ಮೊದಲ ಸಂಪುಟ 1951ರಲ್ಲಿ ಹೊರಬಂದಿತು. ಅಷ್ಟರಲ್ಲಿ ಬಾರ್ತೋಕ್ ಅವರು ತೀರಿಕೊಂಡು ಆರು ವರ್ಷಗಳಾಗಿದ್ದವು. ಆ ಮೊದಲ ಸಂಪುಟದ ವಸ್ತು ಮಕ್ಕಳ ಆಟಗಳು.

1958ರಲ್ಲಿ ಎಮ್ಮಾ ನಿಧನರಾದರು. ಮರುವರ್ಷ ಕೊಡಾಯ್ ಅವರು ಸರೊಲ್ತಾ ಪೇತ್ಸೆಲಿ ಅವರನ್ನು ವಿವಾಹವಾದರು. 1967ರ ಮಾರ್ಚ್ 6ರಂದು ಬುಡಾಪೆಸ್ಟಿನಲ್ಲಿ ನಿಧನರಾದ ಅವರ ಸಮಾಧಿಯು ಅಲ್ಲಿನ ಫರ್ಕಶ್‌ರೇತಿ ಸ್ಮಶಾನದಲ್ಲಿದೆ. ಶಿಕ್ಷಕರ ತರಬೇತಿಗಾಗಿ ಕೆಚ್ಕೆಮೇಟ್‌ನಲ್ಲಿ 1975ರಲ್ಲಿ ಕೊಡಾಯ್ ಸಂಸ್ಥೆ ಆರಂಭವಾಯಿತು. ಜನಪದ ಸಂಗೀತವನ್ನು ಈ ಪದ್ಧತಿಯ ಮೂಲಕ ಸಂರಕ್ಷಿಸುವ ಕ್ರಮವನ್ನು ಯುನೆಸ್ಕೊ 2016ರಲ್ಲಿ ತನ್ನ ಉತ್ತಮ ಸಂರಕ್ಷಣಾ ಕ್ರಮಗಳ ದಾಖಲೆಗೆ ಸೇರಿಸಿತು.