ಪರದೆಯ ಮೇಲಿನ ಫಾದರ್ ಫ್ಲಾನಗನ್

ಅಮೆರಿಕದ ನಟ ಸ್ಪೆನ್ಸರ್ ಟ್ರೇಸಿಯವರನ್ನು ನಾವು ಸ್ಮರಿಸುವುದು ಬಹುಮಟ್ಟಿಗೆ ‘ಬಾಯ್ಸ್ ಟೌನ್’ ಚಿತ್ರದ ಫಾದರ್ ಫ್ಲಾನಗನ್ ಪಾತ್ರದಿಂದ. 1900ರಲ್ಲಿ ಮಿಲ್ವಾಕಿಯಲ್ಲಿ ಐರಿಷ್ ಮೂಲದ ಕಥೋಲಿಕ ತಂದೆಗೆ ಜನಿಸಿದ ಅವರು 1937ರ ‘ಕ್ಯಾಪ್ಟನ್ಸ್ ಕರೇಜಸ್’, 1938ರ ‘ಬಾಯ್ಸ್ ಟೌನ್’ ಚಿತ್ರಗಳಿಗಾಗಿ ಬೆನ್ನುಬೆನ್ನಿಗೆ ಆಸ್ಕರ್ ಪಡೆದರು. ನಿರ್ಗತಿಕ ಬಾಲಕರ ತಂದೆಯಾಗಿ ಪ್ರೇಕ್ಷಕರನ್ನು ಕರಗಿಸಿದ ಆ ದನಿ ಸ್ವಂತ ಮಗನಿಗೆ ಕೇಳಿಸುತ್ತಿರಲಿಲ್ಲ. 1924ರಲ್ಲಿ ಹುಟ್ಟಿದ ಜಾನ್ ಕಿವುಡನಾಗಿದ್ದನು. ಕೊರಗು, ಕುಡಿತಗಳು ಟ್ರೇಸಿಯವರನ್ನು ಬಿಡಲಿಲ್ಲ. ಅವರು ಮನೆಯಿಂದ ದೂರವಾದುದನ್ನು ನಾವು ಮರೆಮಾಚಲಾರೆವು.

ಪತ್ನಿ ಲೂಯಿಸ್ ಮಾತ್ರ ಎದೆಗುಂದದೆ ಮಗನಿಗೆ ತುಟಿಚಲನೆ ಓದಲು, ಮಾತನಾಡಲು ಕಲಿಸಿದರು. 1942ರಲ್ಲಿ ಲಾಸ್ ಏಂಜಲೀಸಿನಲ್ಲಿ ಜಾನ್ ಟ್ರೇಸಿ ಕ್ಲಿನಿಕ್ ಸ್ಥಾಪಿಸಿ, ಕಿವುಡ ಮಕ್ಕಳ ತಾಯ್ತಂದೆಯರಿಗೆ ಉಚಿತವಾಗಿ ನೆರವಾದರು. ಅದಕ್ಕೆ ಟ್ರೇಸಿ ಧಾರಾಳವಾಗಿ ಹಣವಿತ್ತರು. ಬೇರೆಯಾಗಿ ಬಾಳಿದರೂ ದಂಪತಿ ವಿಚ್ಛೇದನ ಪಡೆಯಲಿಲ್ಲ. ಕೊನೆಯ ಚಿತ್ರ ಮುಗಿಸಿದ ಕೆಲವೇ ದಿನಗಳಲ್ಲಿ, 1967ರ ಜೂನ್ 10ರಂದು, ಟ್ರೇಸಿ ನಿಧನರಾದರು.