ಪತ್ತೇದಾರಿ ಕಥೆಗಾರ ರೇಮಂಡ್ ಚ್ಯಾಂಡ್ಲರ್

ನಮ್ಮ ಮನೆಯಲ್ಲಿ ಪುಸ್ತಕಗಳೆಂದರೆ ಗೋಡೆಯ ಮೊಳೆಗೆ ತೂಗುಹಾಕಿದ ಪಂಚಾಂಗವೊಂದು, ಮತ್ತು ನಮ್ಮ ತಂದೆಯವರು ಕಾರಿನ ಸೀಟಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ ಎನ್. ನರಸಿಂಹಯ್ಯನವರ ಹಳೆಯ ಪತ್ತೇದಾರಿ ಕಾದಂಬರಿಗಳು. ತಂದೆಯವರು ಏಳನೆಯ ತರಗತಿಯವರೆಗೆ ಓದಿದವರು. ಬಾಡಿಗೆ ಕಾರಿನ ಚಾಲಕರು. ಕಾರಿನವರು ಮದುವೆಮನೆಗೋ ದೇವಸ್ಥಾನಕ್ಕೋ ಇಳಿದು ಹೋದ ಮೇಲೆ ಮರದ ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡು ಪುರುಷೋತ್ತಮನ ಸಾಹಸಗಳನ್ನು ಓದುವುದು ಅವರ ಅಭ್ಯಾಸ. ಆ ಪುಸ್ತಕಗಳನ್ನು ನಾನೂ ಕದ್ದು ಓದಿದ್ದೇನೆ. ಅವು ಓದಿ ಬಿಸಾಡುವ ಪುಸ್ತಕಗಳೆಂದೂ, ಕಾಲೇಜಿಗೆ ಬಂದವನು ಅವುಗಳ ಹೆಸರನ್ನೆತ್ತಬಾರದೆಂದೂ ತಿಳಿದುಕೊಂಡಿದ್ದೆ. ಹೀಗಿರುವಾಗ ನಮ್ಮ ಇಂಗ್ಲಿಷ್ ಅಧ್ಯಾಪಕರು ಒಂದು ದಿನ ತರಗತಿಯಲ್ಲಿ, ಪತ್ತೇದಾರಿ ಕಥೆಗಳನ್ನಲ್ಲದೆ ಬೇರೇನನ್ನೂ ಬರೆದು ಹೆಸರು ಮಾಡದ ಒಬ್ಬ ಅಮೆರಿಕನ್ ಲೇಖಕನನ್ನು ಇಂದು ವಿಶ್ವವಿದ್ಯಾಲಯಗಳಲ್ಲಿ ಪಾಠವಾಗಿ ಓದುತ್ತಾರೆಂದು ಹೇಳಿದರು. ನನಗೆ ನಂಬಿಕೆಯಾಗಲಿಲ್ಲ. ಅಂದು ಸಂಜೆಯೇ ಗ್ರಂಥಾಲಯಕ್ಕೆ ಹೋಗಿ ಹುಡುಕಿದೆ. ಆ ಲೇಖಕನೇ ರೇಮಂಡ್ ಚ್ಯಾಂಡ್ಲರ್. ಆತನ ಕಥೆಗಳಿಗಿಂತ ಆತನ ಬಾಳಿನ ಕಥೆಯೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದರಿಂದ ಅದನ್ನು ಓದುಗರ ಮುಂದಿಡುತ್ತಿದ್ದೇನೆ.

ಚ್ಯಾಂಡ್ಲರನು 1888ನೆಯ ಇಸವಿ ಜುಲೈ 23ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಹುಟ್ಟಿದನು. ತಂದೆ ರೈಲ್ವೆಯಲ್ಲಿ ಇಂಜಿನಿಯರು, ಮಹಾ ಕುಡುಕ. ಹೆಂಡತಿ ಮಗನನ್ನು ಬಿಟ್ಟು ಹೊರಟುಹೋದ ಆ ಮನುಷ್ಯನ ಹೆಸರನ್ನು ಮಗನು ಮುಂದೆ ಪ್ರೀತಿಯಿಂದ ಎತ್ತಲೇ ಇಲ್ಲ. ತಾಯಿ ಫ್ಲಾರೆನ್ಸ್ ಐರ್ಲೆಂಡಿನವಳು. ಆಕೆ ಮಗನನ್ನು ಕರೆದುಕೊಂಡು ಇಂಗ್ಲೆಂಡಿಗೆ ಬಂದಳು. ಐರ್ಲೆಂಡಿನ ವಾಟರ್‌ಫರ್ಡಿನಲ್ಲಿ ವಕೀಲನಾಗಿದ್ದ ಸೋದರಮಾವನ ಹಣದಲ್ಲಿ ಹುಡುಗನ ವಿದ್ಯಾಭ್ಯಾಸ ನಡೆಯಿತು. 1900ರಿಂದ 1905ರವರೆಗೆ ಲಂಡನ್ನಿನ ಡಲ್ವಿಚ್ ಕಾಲೇಜೆಂಬ ಶಾಲೆಯಲ್ಲಿ ಓದಿ ಲ್ಯಾಟಿನ್, ಗ್ರೀಕ್ ಕಲಿತನು. ಹಾಸ್ಯ ಲೇಖಕ ವುಡ್‌ಹೌಸನು ಅದೇ ಶಾಲೆಯನ್ನು ಬಿಟ್ಟ ವರ್ಷವೇ ಈತನು ಅಲ್ಲಿಗೆ ಸೇರಿದ್ದು. ಆನಂತರ ಪ್ಯಾರಿಸ್ಸಿನಲ್ಲಿಯೂ ಜರ್ಮನಿಯಲ್ಲಿಯೂ ಕೆಲವು ಕಾಲವಿದ್ದು ಭಾಷೆಗಳನ್ನು ಕಲಿತು ಬಂದನು.

ಮುಂದಿನ ಸಂಗತಿ ನಮ್ಮ ವಿದ್ಯಾರ್ಥಿ ಮಿತ್ರರು ಗಮನವಿಟ್ಟು ಓದತಕ್ಕದ್ದು. 1907ರಲ್ಲಿ ಬ್ರಿಟಿಷ್ ಪ್ರಜೆಯಾಗಿ ಸರ್ಕಾರಿ ಸೇವೆಯ ಪರೀಕ್ಷೆಗೆ ಕುಳಿತ ಈತನು ಸುಮಾರು 600 ಮಂದಿಯಲ್ಲಿ ಮೂರನೆಯವನಾಗಿ ತೇರ್ಗಡೆಯಾದನು. ನೌಕಾ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಒಂದು ವರ್ಷವಾಗುವಷ್ಟರಲ್ಲಿ ಆ ಕೆಲಸವನ್ನು ಬಿಟ್ಟು, ಪದ್ಯ ಬರೆಯುತ್ತೇನೆಂದು ಹೊರಟುಬಿಟ್ಟನು! ನಾನೂ ಈ ವರ್ಷ ಲೋಕಸೇವಾ ಆಯೋಗದ ಪರೀಕ್ಷೆಗೆ ಅರ್ಜಿ ಹಾಕುವವನು. ಇಂಥ ಕೆಲಸವನ್ನು ನಾನೇನಾದರೂ ಬಿಟ್ಟು ಬಂದರೆ ನಮ್ಮ ತಾಯಿ ಮಾತನಾಡುವುದಿಲ್ಲ. ಸುಮ್ಮನೆ ಮೂಲೆಗೆ ಹೋಗಿ ಕುಳಿತುಕೊಳ್ಳುತ್ತಾಳೆ. ಚ್ಯಾಂಡ್ಲರನ ತಾಯಿಗೂ ನೆಂಟರ ಅನ್ನದ ಋಣದಲ್ಲಿಯೇ ಬಾಳಬೇಕಾಗಿತ್ತು. ಆಕೆಗೆ ಏನೆನಿಸಿತೋ! ಪದ್ಯಗಳಿಂದ ಹೊಟ್ಟೆ ತುಂಬಲಿಲ್ಲ. ಅವು ಅಷ್ಟೇನೂ ಒಳ್ಳೆಯ ಪದ್ಯಗಳೂ ಆಗಿರಲಿಲ್ಲ. 1912ರಲ್ಲಿ ಸೋದರಮಾವನಿಂದಲೇ ಸಾಲ ಪಡೆದು ಅಮೆರಿಕಕ್ಕೆ ಹಡಗು ಹತ್ತಿದನು.

ಲಾಸ್ ಏಂಜಲೀಸ್ ನಗರಕ್ಕೆ ಬಂದು ಟೆನಿಸ್ ಬ್ಯಾಟುಗಳಿಗೆ ತಂತಿ ಬಿಗಿದನು, ತೋಟಗಳಲ್ಲಿ ಹಣ್ಣು ಕಿತ್ತನು, ರಾತ್ರಿ ಕುಳಿತು ಲೆಕ್ಕಪತ್ರ ಬರೆಯುವುದನ್ನು ಕಲಿತನು. 1917ರಲ್ಲಿ ಕೆನಡಾದ ಸೈನ್ಯಕ್ಕೆ ಸೇರಿ ಫ್ರಾನ್ಸಿನ ಯುದ್ಧಭೂಮಿಯನ್ನು ಕಂಡು ಬಂದನು. ಆ ವಿಷಯವಾಗಿ ಆತನು ಹೆಚ್ಚು ಮಾತನಾಡುತ್ತಿರಲಿಲ್ಲ. ಹಿಂದಿರುಗಿದ ಮೇಲೆ ಸಿಸಿ ಪಾಸ್ಕಲ್ ಎಂಬಾಕೆಯಲ್ಲಿ ಅನುರಕ್ತನಾದನು. ಆಕೆ ಮತ್ತೊಬ್ಬನ ಹೆಂಡತಿ, ವಯಸ್ಸಿನಲ್ಲಿ ಹದಿನೆಂಟು ವರ್ಷ ಹಿರಿಯಳು. ಆಕೆ ಗಂಡನಿಂದ ವಿಚ್ಛೇದನ ಪಡೆದಳು. ಆದರೆ ಚ್ಯಾಂಡ್ಲರನ ತಾಯಿ ಒಪ್ಪಲಿಲ್ಲ. ತಾಯಿಯ ಕಣ್ಣು ಮುಚ್ಚುವವರೆಗೂ ಇಬ್ಬರೂ ಕಾದಿದ್ದು, 1924ರ ಫೆಬ್ರವರಿಯಲ್ಲಿ ವಿವಾಹವಾದರು.

ಆ ಕಾಲದಲ್ಲಿ ಲಾಸ್ ಏಂಜಲೀಸ್ ನಗರವು ನೆಲದಡಿಯ ಎಣ್ಣೆಯ ಮೇಲೆ ತೇಲುತ್ತಿತ್ತೆಂದರೆ ತಪ್ಪಲ್ಲ. ಸಿಗ್ನಲ್ ಹಿಲ್ ಎಂಬ ಗುಡ್ಡದಲ್ಲಿ 1921ರಲ್ಲಿ ಎಣ್ಣೆ ಚಿಮ್ಮಿದಂದಿನಿಂದ ಮನೆಯ ಹಿತ್ತಲುಗಳಲ್ಲಿಯೂ ಕೊಳವೆ ಬಾವಿಯ ಗೋಪುರಗಳು ಎದ್ದಿದ್ದವು. ಡ್ಯಾಬ್ನಿ ಎಂಬುವನ ಎಣ್ಣೆ ಸಂಸ್ಥೆಯಲ್ಲಿ ಲೆಕ್ಕಿಗನಾಗಿ ಸೇರಿದ ಚ್ಯಾಂಡ್ಲರನು 1931ರ ಹೊತ್ತಿಗೆ ಅದರ ಉಪಾಧ್ಯಕ್ಷನಾದನು. ತಿಂಗಳಿಗೆ 1000 ಡಾಲರು ಸಂಬಳ. ಆ ಕುರ್ಚಿಯಲ್ಲಿ ಕುಳಿತು ಆತನು ಸುಳ್ಳು ಲೆಕ್ಕಗಳನ್ನೂ, ಮೋಸದ ಮೊಕದ್ದಮೆಗಳನ್ನೂ, ದೊಡ್ಡ ಮನೆತನಗಳ ಹಣ ಎಲ್ಲಿಂದ ಬರುತ್ತದೆಂಬುದನ್ನೂ ಕಣ್ಣಾರೆ ಕಂಡನು. ಕುಡಿಯುವುದನ್ನೂ ಅಲ್ಲಿಯೇ ಬಲವಾಗಿ ಹಿಡಿದನು. ದಿನಗಟ್ಟಲೆ ಕಚೇರಿಗೆ ಬರುತ್ತಿರಲಿಲ್ಲ. 1932ರಲ್ಲಿ ಆತನನ್ನು ಕೆಲಸದಿಂದ ತೆಗೆದುಹಾಕಿದರು. ವಯಸ್ಸು 44. ದೇಶದಲ್ಲೆಲ್ಲ ಆರ್ಥಿಕ ಮುಗ್ಗಟ್ಟು. ತಾನು ದ್ವೇಷಿಸುತ್ತಿದ್ದ ತಂದೆಗೆ ಬಂದ ಗತಿಯೇ ತನಗೂ ಬಂದಿತ್ತು.

ಆಗ ಆತನು ಮಾಡಿದ್ದನ್ನು ನೋಡಿ. ಪೆಸಿಫಿಕ್ ಕರಾವಳಿಯಲ್ಲಿ ಕಾರಿನಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುತ್ತಿದ್ದಾಗ, ಓದಿ ಎಸೆಯಲು ಹಗುರವೆಂದು, ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಪತ್ತೇದಾರಿ ಮಾಸಪತ್ರಿಕೆಗಳನ್ನು ಕೊಂಡು ಓದತೊಡಗಿದನು. ಅವುಗಳಲ್ಲಿ ಬ್ಲ್ಯಾಕ್ ಮಾಸ್ಕ್ ಎಂಬುದು ಮುಖ್ಯವಾದುದು. ಡ್ಯಾಶಿಯಲ್ ಹ್ಯಾಮೆಟ್ ಎಂಬ, ತಾನೇ ಪತ್ತೇದಾರನಾಗಿದ್ದ ಲೇಖಕನು ಅದರಲ್ಲಿ ಬರೆದು ಪ್ರಸಿದ್ಧನಾಗಿದ್ದನು. ಲ್ಯಾಟಿನ್, ಗ್ರೀಕ್ ಕಲಿತ ಈ ಮಾಜಿ ಉಪಾಧ್ಯಕ್ಷನು ಶಾಲೆಯ ಹುಡುಗನಂತೆ ಎರ್ಲ್ ಸ್ಟ್ಯಾನ್ಲಿ ಗಾರ್ಡ್ನರನ ಕಥೆಯೊಂದನ್ನು ಮುಂದಿಟ್ಟುಕೊಂಡು, ಅದರ ಸಾರಾಂಶ ತೆಗೆದು, ಮೂಲವನ್ನು ಮುಚ್ಚಿಟ್ಟು ಅದನ್ನೇ ತಾನು ಬರೆದು, ಎರಡನ್ನೂ ಹೋಲಿಸಿ, ತನ್ನದು ಎಲ್ಲಿ ಸೋತಿತೆಂದು ನೋಡಿ ಮತ್ತೆ ಬರೆದನು. ಮೊದಲ ಕಥೆಗೆ ಐದು ತಿಂಗಳು ಹಿಡಿಯಿತು. 1933ರ ಡಿಸೆಂಬರಿನಲ್ಲಿ ಅದು ಬ್ಲ್ಯಾಕ್ ಮಾಸ್ಕಿನಲ್ಲಿ ಬಂತು. ಪದಕ್ಕೆ ಒಂದು ಸೆಂಟಿನಂತೆ ಸಿಕ್ಕಿದ್ದು 180 ಡಾಲರು. ಹಿಂದಿನ ಸಂಬಳದ ಲೆಕ್ಕದಲ್ಲಿ ಒಂದು ವಾರದ ದುಡಿಮೆಯೂ ಅಲ್ಲ. ಬಾಡಿಗೆ ಕಟ್ಟಲಾಗದೆಯೋ, ಮನಸ್ಸು ನಿಲ್ಲದೆಯೋ, ಗಂಡಹೆಂಡಿರು ಮನೆಯಿಂದ ಮನೆಗೆ ಹೋಗುತ್ತಲೇ ಇದ್ದರು.

1939ರಲ್ಲಿ ಮೊದಲ ಕಾದಂಬರಿ ದಿ ಬಿಗ್ ಸ್ಲೀಪ್ ಪ್ರಕಟವಾಯಿತು. ಲೇಖಕನಿಗೆ ಐವತ್ತು ತುಂಬಿತ್ತು. ಅದರ ನಾಯಕ ಫಿಲಿಪ್ ಮಾರ್ಲೋ ದಿನಕ್ಕೆ 25 ಡಾಲರು ಮತ್ತು ಖರ್ಚಿನ ಮೇಲೆ ದುಡಿಯುವ ಒಂಟಿ ಪತ್ತೇದಾರ. ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಳಲ್ಲಿ ಹಳ್ಳಿಯ ಬಂಗಲೆಯಲ್ಲಿ ಯಜಮಾನನು ಸತ್ತು ಬೀಳುತ್ತಾನೆ, ಪತ್ತೇದಾರನು ಎಲ್ಲರನ್ನೂ ಒಂದೆಡೆ ಕೂಡಿಸಿ ಕೊಲೆಗಾರನನ್ನು ತೋರಿಸುತ್ತಾನೆ, ಲೋಕವು ಮೊದಲಿನಂತಾಗುತ್ತದೆ. ಚ್ಯಾಂಡ್ಲರನ ಕಥೆಗಳಲ್ಲಿ ಕೊಲೆಗಾರನು ಸಿಕ್ಕ ಮೇಲೂ ಊರು ಕೊಳೆತೇ ಇರುತ್ತದೆ. ಅಲ್ಲಿ ಪೋಲೀಸರನ್ನು ಕೊಳ್ಳಬಹುದು. ವೈದ್ಯನು ಅಫೀಮು ಮಾರುತ್ತಾನೆ. ಜೂಜಿನ ಹಡಗುಗಳು ಕಾನೂನಿನ ಗಡಿಯಾಚೆ ಸಮುದ್ರದಲ್ಲಿ ದೀಪ ಹಚ್ಚಿಕೊಂಡು ನಿಂತಿರುತ್ತವೆ. ಮತ್ತು ಎಲ್ಲಿ ನೋಡಿದರೂ ಕಾರುಗಳು. ಯಾರು ಎಂಥವರೆಂದು ಚ್ಯಾಂಡ್ಲರನು ಅವರ ಕಾರಿನಿಂದಲೇ ಹೇಳಿಬಿಡುತ್ತಾನೆ. ಸಿರಿವಂತರ ಮಗಳಿಗೆ ಪ್ಯಾಕರ್ಡ್. ದಿ ಲಾಂಗ್ ಗುಡ್‌ಬೈಯಲ್ಲಿ ಕುಡಿದು ಬಿದ್ದ ಟೆರಿ ಲೆನಾಕ್ಸನು ಮೊದಲು ಕಣ್ಣಿಗೆ ಬೀಳುವುದು ರೋಲ್ಸ್ ರಾಯ್ಸ್ ಕಾರಿನೊಳಗೆ. ಅದೇ ಕಾದಂಬರಿಯಲ್ಲಿ ಮಾರ್ಲೋವಿನದು ಸಾಧಾರಣ ಓಲ್ಡ್ಸ್‌ಮೊಬೀಲ್.

ಇದೆಲ್ಲ ಉತ್ಪ್ರೇಕ್ಷೆಯೆಂದು ನಾನು ಮೊದಲು ತಿಳಿದಿದ್ದೆ. ಆದರೆ 1938ರ ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ನಗರಾಡಳಿತದ ಲಂಚಗುಳಿತನವನ್ನು ಹುಡುಕುತ್ತಿದ್ದ ಹ್ಯಾರಿ ರೇಮಂಡ್ ಎಂಬ ನಿಜವಾದ ಪತ್ತೇದಾರನು ತನ್ನ ಕಾರನ್ನು ಚಾಲೂ ಮಾಡಲು ಹೋದಾಗ ಅದರಲ್ಲಿದ್ದ ಬಾಂಬು ಸಿಡಿಯಿತು. ಆತನು ಹೇಗೋ ಬದುಕಿಕೊಂಡನು. ಅಪರಾಧಿಯೆಂದು ಶಿಕ್ಷೆ ಹೊಂದಿದವನು ಅದೇ ನಗರದ ಪೋಲೀಸ್ ಕ್ಯಾಪ್ಟನ್! ಆ ವರ್ಷವೇ ಜನರು ಮತ ಹಾಕಿ ಮೇಯರ್ ಫ್ರ್ಯಾಂಕ್ ಷಾನನ್ನು ಅಧಿಕಾರದಿಂದ ಇಳಿಸಿದರು. ಚ್ಯಾಂಡ್ಲರನು ಮೊದಲ ಕಾದಂಬರಿಯನ್ನು ಬರೆದದ್ದು ಈ ನಗರದಲ್ಲಿ, ಈ ದಿನಗಳಲ್ಲಿ.

ಆ ಕಾದಂಬರಿಯ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಸ್ಟರ್ನ್‌ವುಡ್ ಎಂಬ ಎಣ್ಣೆಯ ಸಾಹುಕಾರನ ಮನೆಯಲ್ಲಿ ಓವೆನ್ ಟೇಲರನೆಂಬ ಚಾಲಕನಿದ್ದಾನೆ. ಒಂದು ರಾತ್ರಿ ಧಣಿಯ ಬ್ಯೂಯಿಕ್ ಕಾರು ಮೀನುಗಾರರ ಕಟ್ಟೆಯ ಬೇಲಿ ಮುರಿದು ಸಮುದ್ರಕ್ಕೆ ಬೀಳುತ್ತದೆ. ಮೇಲೆತ್ತಿದಾಗ ಒಳಗೆ ಟೇಲರನ ಹೆಣ. ಕಪೋಲದ ಮೇಲ್ಗಡೆ ಪೆಟ್ಟಿನ ಗುರುತು. ಹಳೆಯ ಕಾರುಗಳಲ್ಲಿ ಕಾಲನ್ನು ಒತ್ತದೆಯೇ ಕೈಯಿಂದ ವೇಗವನ್ನು ನಿಲ್ಲಿಸಿಡುವ ಒಂದು ಹಿಡಿಯಿರುತ್ತಿತ್ತು. ಅದು ಅರ್ಧದಷ್ಟು ಇಳಿದಿದೆ. ಆತ್ಮಹತ್ಯೆಯೋ, ಕೊಲೆಯೋ? ಕಥೆ ಮುಗಿದರೂ ಉತ್ತರವಿಲ್ಲ. 1946ರಲ್ಲಿ ಹೋವರ್ಡ್ ಹಾಕ್ಸನು ಹಂಫ್ರೀ ಬೋಗಾರ್ಟನಿಂದ ಮಾರ್ಲೋವಿನ ಪಾತ್ರ ಮಾಡಿಸಿ ಚಿತ್ರ ತೆಗೆದನು. ಚಿತ್ರಕಥೆ ಬರೆದ ಮೂವರಲ್ಲಿ ವಿಲಿಯಂ ಫಾಕ್ನರನೂ ಒಬ್ಬ. ಆ ಚಿತ್ರ ತಯಾರಾಗುತ್ತಿದ್ದಾಗ ಚಾಲಕನನ್ನು ಕೊಂದವರು ಯಾರೆಂದು ಅವರಾರಿಗೂ ತಿಳಿಯದೆ, ಚ್ಯಾಂಡ್ಲರನಿಗೇ ತಂತಿ ಕೊಟ್ಟು ಕೇಳಿದರಂತೆ. ತನಗೂ ಗೊತ್ತಿಲ್ಲವೆಂದು ಆತನ ಉತ್ತರ ಬಂತು. ಇದನ್ನು ಚ್ಯಾಂಡ್ಲರನೇ ನಗುತ್ತ ಹೇಳಿಕೊಂಡಿದ್ದಾನೆ.

ನಾನೂ ಓದಿ ನಕ್ಕಿದ್ದೆ. ಕಳೆದ ಆಯುಧಪೂಜೆಯ ಹಿಂದಿನ ದಿನ ತಂದೆಯವರು ಕಾರು ತೊಳೆಯುತ್ತಿದ್ದಾಗ ನೀರು ಸೇದಿ ಕೊಡುತ್ತ ಈ ಕಾದಂಬರಿಯ ಕಥೆಯನ್ನು ಹೇಳಿದೆ. ಸಾಹುಕಾರ, ಅವನ ಇಬ್ಬರು ಹೆಣ್ಣುಮಕ್ಕಳು, ಬೆದರಿಕೆಯ ಪತ್ರ, ಎಲ್ಲಕ್ಕೂ ಹೂಂಗುಟ್ಟಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ಆ ಡ್ರೈವರನ್ನು ಕೊಂದವರು ಯಾರು? ಬರೆದವನಿಗೇ ಗೊತ್ತಿರಲಿಲ್ಲವೆಂದೆ. ಕೈಹಿಡಿ ಇಳಿದಿತ್ತೆಂದ ಮೇಲೆ ಒಳಗಿದ್ದವನೇ ಓಡಿಸಿದನೆಂದು ಹೇಳುವುದು ಹೇಗೆ, ಬೇರೆ ಯಾರಾದರೂ ಹೊರಗೆ ನಿಂತು ಕಾರನ್ನು ಬಿಟ್ಟಿರಬಹುದಲ್ಲ ಎಂದು ಅವರು ಸ್ವಲ್ಪ ಹೊತ್ತು ಯೋಚಿಸಿದರು. ಡ್ರೈವರಲ್ಲವೇ, ಅದಕ್ಕೇ ಯಾರೂ ವಿಚಾರಿಸಲಿಲ್ಲ ಎಂದು ಹೇಳಿ ಗಾಜು ಒರೆಸತೊಡಗಿದರು. ಆ ಪುಟಗಳನ್ನು ನಾನು ಮತ್ತೆ ತೆಗೆದು ಓದಿದೆ. ಆ ಸಾಹುಕಾರನ ಮನೆಯಲ್ಲಿ ಅವನಿಗಾಗಿ ಯಾರೂ ಹೆಚ್ಚು ಹೊತ್ತು ದುಃಖಿಸುವುದಿಲ್ಲ. ಚ್ಯಾಂಡ್ಲರನು ಮರೆತನೋ, ಅಂಥ ಮನೆಗಳಲ್ಲಿ ಹಾಗೆಯೇ ನಡೆಯುತ್ತದೆಂದು ತಿಳಿದೇ ಬಿಟ್ಟನೋ, ನಾನು ನಿರ್ಧರಿಸಲಾರೆ. ಆದರೆ ಈಗ ನಗು ಬರುವುದಿಲ್ಲ. ಆತನ ಪುಸ್ತಕಗಳಲ್ಲಿ ಇನ್ನೂ ಕೆಲವು ಕಡೆ ನಗು ಬರುವುದಿಲ್ಲ: ಕರಿಯರನ್ನೂ ಹೆಂಗಸರನ್ನೂ ಕುರಿತ ಮಾತುಗಳು ಹಲವೆಡೆ ಕೀಳಾಗಿವೆ.

ಹಾಲಿವುಡ್ಡು ಆತನನ್ನು ಕರೆದದ್ದು 1943ರಲ್ಲಿ. ಪ್ಯಾರಾಮೌಂಟ್ ಸಂಸ್ಥೆಯು ವಾರಕ್ಕೆ 750 ಡಾಲರು ಕೊಟ್ಟು ಬಿಲ್ಲಿ ವೈಲ್ಡರನ ಜೊತೆ ಡಬಲ್ ಇಂಡೆಮ್ನಿಟಿ ಚಿತ್ರಕ್ಕೆ ಬರೆಯಲು ಕೂಡಿಸಿತು. ಇಬ್ಬರಿಗೂ ಒಂದು ದಿನವೂ ಸರಿಹೋಗಲಿಲ್ಲ. ವೈಲ್ಡರನು ಕೋಣೆಯೊಳಗೂ ಹ್ಯಾಟು ತೆಗೆಯುವುದಿಲ್ಲ, ಬೆತ್ತ ಬೀಸುತ್ತಾನೆ ಎಂದು ಈತನು ದೂರುಗಳ ಪಟ್ಟಿಯನ್ನೇ ಬರೆದುಕೊಟ್ಟನು. ಜಗಳವಾಡಿಕೊಂಡೇ ಬರೆದ ಆ ಚಿತ್ರಕಥೆ ಆಸ್ಕರ್ ಪ್ರಶಸ್ತಿಗೆ ಹೆಸರಿಸಲ್ಪಟ್ಟಿತು. ಬಹುಕಾಲ ಬಿಟ್ಟಿದ್ದ ಕುಡಿತವೂ ಮರಳಿ ಬಂತು.

1945ರಲ್ಲಿ ದಿ ಬ್ಲೂ ಡಾಲಿಯ ಚಿತ್ರದ ಕಾಲಕ್ಕೆ ನಡೆದುದಂತೂ ವಿಚಿತ್ರ. ನಾಯಕ ಅಲನ್ ಲ್ಯಾಡ್ ಸೈನ್ಯಕ್ಕೆ ಮರಳಬೇಕಾಗಿತ್ತು. ಚಿತ್ರೀಕರಣ ಆರಂಭವಾಗಿದ್ದರೂ ಕಥೆಗೆ ಕೊನೆಯಿರಲಿಲ್ಲ. ನಿರ್ಮಾಪಕ ಜಾನ್ ಹೌಸ್‌ಮನ್ ಮುಂದೆ ನೆನಪಿನಿಂದ ಬರೆದಿರುವ ಪ್ರಕಾರ, ಕುಡಿಯದೆ ತನ್ನಿಂದ ಮುಗಿಸಲಾಗದೆಂದು ಚ್ಯಾಂಡ್ಲರನು ಹೇಳಿ ಷರತ್ತುಗಳನ್ನಿಟ್ಟನು. ಹಗಲೂ ಇರುಳೂ ಎರಡು ದೊಡ್ಡ ಕಾರುಗಳು ಚಾಲಕರೊಂದಿಗೆ ಮನೆಯ ಮುಂದೆ ನಿಂತಿರಬೇಕು. ವೈದ್ಯರನ್ನು ಕರೆತರಲು, ಬರೆದ ಹಾಳೆಗಳನ್ನು ಸ್ಟುಡಿಯೋಗೆ ಒಯ್ಯಲು. ಆರು ಮಂದಿ ಕಾರ್ಯದರ್ಶಿನಿಯರು ಸರದಿಯ ಮೇಲಿರಬೇಕು. ಅನ್ನಾಹಾರವಿಲ್ಲದೆ, ವೈದ್ಯರು ಚುಚ್ಚಿದ ಗ್ಲೂಕೋಸಿನ ಮೇಲೆ ಸುಮಾರು ಎಂಟು ದಿನ ಕುಡಿಯುತ್ತಲೇ ಬರೆದು ಮುಗಿಸಿದನು. ಅಷ್ಟು ಮಾಡಿಯೂ, ಯುದ್ಧದಿಂದ ಮರಳಿದ ಗಾಯಾಳು ಸೈನಿಕನೊಬ್ಬನು ಕೊಲೆ ಮಾಡಿದನೆಂಬ ಆತನ ಮೂಲ ಕಲ್ಪನೆಗೆ ನೌಕಾಪಡೆಯ ಆಕ್ಷೇಪಣೆಯಿಂದಾಗಿ ಕೊಲೆಗಾರನನ್ನೇ ಬದಲಿಸಬೇಕಾಯಿತು. 1947ರಲ್ಲಿ ಆ ನಗರದಲ್ಲಿ ಕೊಲೆಯಾದ ಎಲಿಜಬೆತ್ ಷಾರ್ಟ್ ಎಂಬ ಬಡ ಯುವತಿಗೆ ಪತ್ರಿಕೆಗಳು ಕಟ್ಟಿದ ಬ್ಲ್ಯಾಕ್ ಡಾಲಿಯ ಎಂಬ ಹೆಸರು ಈ ಚಿತ್ರದ ಹೆಸರನ್ನೇ ತಿರುಗಿಸಿದ್ದು. ಆ ಕೊಲೆಗಾರನು ಇಂದಿಗೂ ಸಿಕ್ಕಿಲ್ಲ. ಚಿತ್ರರಂಗದ ಹೊಲಸನ್ನು ಚ್ಯಾಂಡ್ಲರನು 1949ರಲ್ಲಿ ದಿ ಲಿಟಲ್ ಸಿಸ್ಟರ್ ಕಾದಂಬರಿಯಲ್ಲಿ ತೀರಾ ಕಹಿಯಾಗಿ ಬರೆದನು. ಹಿಚ್‌ಕಾಕನೊಡನೆ ಸ್ಟ್ರೇಂಜರ್ಸ್ ಆನ್ ಎ ಟ್ರೇನ್ ಚಿತ್ರಕ್ಕೆ ಬರೆಯಹೋಗಿ ಅಲ್ಲಿಯೂ ಜಗಳವಾಡಿದನು.

1946ರಿಂದ ಲಾ ಹೋಯಾ ಎಂಬ ಕಡಲ ಊರಿನಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದರು. ಸಿಸಿಯ ಶ್ವಾಸಕೋಶಗಳು ಕೆಡುತ್ತಾ ಬಂದವು. ಒಳಕೋಣೆಯಲ್ಲಿ ಹೆಂಡತಿ ಸಾಯುತ್ತಿರುವಾಗ ಹೊರಗೆ ಕುಳಿತು ಬರೆದ ಕಾದಂಬರಿಯೇ 1953ರ ದಿ ಲಾಂಗ್ ಗುಡ್‌ಬೈ. ಸ್ನೇಹಿತನೊಬ್ಬನನ್ನು ಕಳೆದುಕೊಂಡ ಕಥೆ ಅದು. ನನ್ನ ದೃಷ್ಟಿಯಲ್ಲಿ ಆತನ ಪುಸ್ತಕಗಳಲ್ಲೆಲ್ಲ ಶ್ರೇಷ್ಠವಾದುದು. 1954ರ ಡಿಸೆಂಬರ್ 12ರಂದು ಸಿಸಿ ತೀರಿಕೊಂಡಳು. ಎರಡು ತಿಂಗಳಾದ ಮೇಲೆ ಈತನು ಸ್ನಾನದ ಮನೆಯಲ್ಲಿ ಪಿಸ್ತೂಲಿನಿಂದ ಪ್ರಾಣ ಕಳೆದುಕೊಳ್ಳಲು ಹೋದನು, ಗುಂಡು ತಗಲಲಿಲ್ಲ. ಅನಂತರದ ನಾಲ್ಕು ವರ್ಷಗಳು ಲಂಡನ್ನಿಗೂ ಲಾ ಹೋಯಾಕ್ಕೂ ನಡುವಣ ಅಲೆದಾಟ, ಕುಡಿತ, ಆಸ್ಪತ್ರೆ. 1959ರ ಮಾರ್ಚ್ 26ರಂದು ನ್ಯುಮೋನಿಯಾದಿಂದ ನಿಧನನಾದನು. ಸ್ಯಾನ್ ಡಿಯೇಗೋದ ಮೌಂಟ್ ಹೋಪ್ ಸ್ಮಶಾನದಲ್ಲಿ ಮಣ್ಣು ಮಾಡಿದಾಗ ಬಂದಿದ್ದವರು ಹದಿನೇಳು ಜನ.

ಸಿಸಿಯ ಚಿತಾಭಸ್ಮ ಬೇರೊಂದು ಸ್ಮಶಾನದ ಉಗ್ರಾಣದಲ್ಲಿಯೇ ಉಳಿದುಹೋಗಿತ್ತು. ಅದನ್ನು ಎಲ್ಲಿಡಬೇಕೆಂದು ಚ್ಯಾಂಡ್ಲರನು ಬರೆದಿಟ್ಟಿರಲಿಲ್ಲ. ಆತನ ಅಭಿಮಾನಿಗಳು ನ್ಯಾಯಾಲಯಕ್ಕೆ ಹೋಗಿ 2010ರಲ್ಲಿ ಅನುಮತಿ ಪಡೆದರು. 2011ರ ಫೆಬ್ರವರಿ 14ರಂದು, ಸುಮಾರು ನೂರು ಜನ ಸುತ್ತ ನಿಂತಿರಲು, ಆ ಭಸ್ಮವನ್ನು ತಂದು ಆತನ ಸಮಾಧಿಯಲ್ಲಿ ಇಟ್ಟರು.