ನಂದಳಿಕೆಯ ಕವಿ

ಕಾರ್ಕಳದ ಸಮೀಪದ ನಂದಳಿಕೆಯಲ್ಲಿ 1870ರಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪನಿಗೆ ಬಡತನದ ದೆಸೆಯಿಂದ ಹೆಚ್ಚಿನ ವಿದ್ಯಾಭ್ಯಾಸ ದೊರೆಯಲಿಲ್ಲ. ಉಡುಪಿಯ ಶಾಲೆಯಲ್ಲಿ ಹುಡುಗರಿಗೆ ಅಂಗಸಾಧನೆ ಕಲಿಸುವ ಉಪಾಧ್ಯಾಯನಾಗಿ ಆತ ಹೊಟ್ಟೆ ಹೊರೆದುಕೊಂಡ. ಆ ದುಡಿಮೆಯ ನಡುವೆಯೇ ಹಳಗನ್ನಡವನ್ನು ಕರಗತ ಮಾಡಿಕೊಂಡು ಕಾವ್ಯರಚನೆಗೆ ತೊಡಗಿದ.

ತನ್ನ ಹೆಸರಿನಲ್ಲಿ ಕಳುಹಿದರೆ ಯಾರು ಓದಿಯಾರು? ಯಾರೋ ಪ್ರಾಚೀನ ಕವಿಯ ಹಸ್ತಪ್ರತಿಯೆಂಬಂತೆ ಕೃತಿಗಳನ್ನು ಮೈಸೂರಿಗೆ ಕಳುಹಿದ. ವಿದ್ವಾಂಸರು ನಂಬಿದರು, ಮನ್ನಣೆಯೆಲ್ಲ ಆ ಕಲ್ಪಿತ ಹಿರಿಯನಿಗೆ ಸಂದಿತು. ಇತ್ತ ಕ್ಷಯರೋಗ ಕವಿಯ ಮೈಯನ್ನು ಸವೆಸುತ್ತಿತ್ತು. 1901ರಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ, ಆತ ಕಣ್ಮುಚ್ಚಿದ. ಮುದ್ದಣನೆಂದರೆ ಈತನೇ ಎಂಬುದು ನಾಡಿಗೆ ತಿಳಿದುದು ಅನಂತರ.

‘ಶ್ರೀ ರಾಮಾಶ್ವಮೇಧ’ದ ಮುದ್ದಣ-ಮನೋರಮೆಯರ ಸಲ್ಲಾಪವನ್ನು ಪಾಠ ಹೇಳುವಾಗಲೆಲ್ಲ ನನಗೆ ಬೆರಗಾಗುತ್ತದೆ. ಇಷ್ಟು ಬೆಂದವನ ಬರಹದಲ್ಲಿ ಗೋಳಿಲ್ಲ, ಗಂಡಹೆಂಡಿರ ತಿಳಿನಗೆಯಿದೆ. ಕಷ್ಟವೇ ಕವಿಯನ್ನು ಬೆಳೆಸಿತೆಂದು ನಾನು ಹೇಳಲಾರೆ. ಅದು ಆತನ ಆಯುಸ್ಸನ್ನೇ ಕಸಿದುಕೊಂಡಿತಲ್ಲವೆ? ಹಣವೂ ಹೆಸರೂ ಕೈಗೆ ಬಾರದೆಂದು ಬಲ್ಲವನು ಪ್ರತಿಯೊಂದು ವಾಕ್ಯವನ್ನೂ ಅಷ್ಟು ಅಕ್ಕರೆಯಿಂದ ಕಡೆದನಲ್ಲ, ಆ ಕೆಲಸದಲ್ಲೇ ಆತನಿಗೆ ಬದುಕುವ ಬಲ ಸಿಕ್ಕಿರಬೇಕು. ವಿದ್ಯಾರ್ಥಿಗಳಿಗೆ ಇಷ್ಟನ್ನು ಹೇಳದೆ ಆ ಪಾಠವನ್ನು ಮುಗಿಸಲು ನನಗೆ ಮನಸ್ಸಾಗದು.